ಸಿಗಡಿ ಸಿಪ್ಪೆಯಿಂದ ತಣ್ಣನೆಯ ಕಿಣ್ವ: ನನ್ನ ಅನುಭವ

ಮಲ್ಪೆಯ ಸಿಗಡಿ ಸುಲಿಯುವ ಶೆಡ್‌ಗಳಲ್ಲಿ ತಲೆ, ಸಿಪ್ಪೆ ಬುಟ್ಟಿಗಟ್ಟಲೆ ಸಿಗುತ್ತದೆ. ಸಿಗಡಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇದೇ. ಸಿಪ್ಪೆಗೆ ಗಟ್ಟಿತನ ಕೊಡುವ ನಾರಿನಂಥ ಕೈಟಿನ್, ಪ್ರೋಟೀನ್, ಸುಣ್ಣ ಮೂರೂ ಅದರಲ್ಲಿವೆ. ಕೈಟಿನ್ ಒಡೆಯುವ ಕೈಟಿನೇಸ್ ಎಂಬ ಕಿಣ್ವ ನನಗೆ ಬೇಕಾಗಿತ್ತು, ಅದೂ ತಣ್ಣಗಿರುವಾಗಲೇ ಕೆಲಸ ಮಾಡುವಂಥದ್ದು.

ಸಿಪ್ಪೆಯ ಮೇಲೆ ಬೂಷ್ಟು ಬೆಳೆಸಿದರೆ ಅದೇ ಈ ಕಿಣ್ವ ತಯಾರಿಸಿಕೊಡುತ್ತದೆ. ಇದಕ್ಕೆ ಹಿಮದ ನಾಡಿನ ಬೂಷ್ಟೇ ಆಗಬೇಕು ಅಂತ ಹಲವರು ಅಂದುಕೊಳ್ಳುತ್ತಾರೆ. ಅಂಟಾರ್ಕ್ಟಿಕಾದಿಂದ ತಂದ ಲೆಕಾನಿಸಿಲಿಯಂ ಮಸ್ಕೇರಿಯಂ ಎಂಬ ಬೂಷ್ಟಿನ ಮೇಲೆ ಇಟಲಿಯವರು ಮಾಡಿದ ಕೆಲಸ ಹೆಸರುವಾಸಿ, ನಿಜ. ನಾನು ಮಾತ್ರ ಮೀನಿನ ಕೋಲ್ಡ್ ಸ್ಟೋರೇಜಿನ ಗೋಡೆಯನ್ನು ಹತ್ತಿಯಿಂದ ಒರೆಸಿ ತಂದೆ. ಕೈಟಿನ್ ಬೆರೆಸಿದ ಅಗಾರ್ (ಬೂಷ್ಟು ಬೆಳೆಸುವ ಜೆಲ್ಲಿ) ಪ್ಲೇಟಿನ ಮೇಲೆ ಸವರಿ 10 ಡಿಗ್ರಿಯಲ್ಲಿಟ್ಟೆ. ಸುತ್ತಲಿನ ಕೈಟಿನ್ ಒಡೆದು ತಿಳಿಯಾದ ವೃತ್ತ ಬಿಟ್ಟ ಬೂಷ್ಟನ್ನಷ್ಟೇ ಉಳಿಸಿಕೊಂಡೆ. ತಂಪಿನಲ್ಲಿ ಬೇರೆ ಕ್ರಿಮಿಗಳ ಕಾಟ ಕಡಿಮೆ ಅಲ್ವಾ ಅನ್ನಬೇಡಿ. ಫ್ರಿಜ್ಜಿನಲ್ಲಿಟ್ಟ ಮೀನನ್ನು ಕೆಡಿಸುವ ಸೂಡೊಮೋನಾಸ್ ಬ್ಯಾಕ್ಟೀರಿಯಾ ಅಲ್ಲೂ ಆರಾಮಾಗಿ ಬೆಳೆಯುತ್ತದೆ.

ಸಿಪ್ಪೆಯನ್ನು ತೊಳೆದು, ಒಣಗಿಸಿ, ತರಿತರಿಯಾಗಿ ಪುಡಿ ಮಾಡಬೇಕು. ನುಣ್ಣಗಾದರೆ ನೀರು ಹಾಕಿದ ಕೂಡಲೇ ಗಟ್ಟಿ ಮುದ್ದೆಯಾಗಿ ಗಾಳಿ ಆಡುವುದಿಲ್ಲ. ಅದಕ್ಕೆ ಗೋಧಿ ಬೂಸಾ ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಆದರೆ ಕೈ ಒದ್ದೆಯಾಗಬೇಕು. ಬೇರೆ ಕ್ರಿಮಿ ಸಾಯಲು ಆಟೊಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆ) 121 ಡಿಗ್ರಿಗೆ ಬೇಯಿಸಿ, ಆರಿದ ಮೇಲೆ ಉಳಿಸಿಕೊಂಡ ಬೂಷ್ಟಿನ ಬೀಜಕಣದ ನೀರು ಹಾಕಿ 15 ಡಿಗ್ರಿಯಲ್ಲಿ ಇಡುವುದು. ಮಾಮೂಲಿ ಬೂಷ್ಟು ವಾರದೊಳಗೆ ಹಬ್ಬಿಬಿಡುತ್ತದೆ, ಇದು ವಾರಗಟ್ಟಲೆ ಕಾಯಿಸುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕರೆಂಟು ಹೋದರೆ ಕಥೆ ಮುಗಿಯಿತು. ಇನ್‌ಕ್ಯುಬೇಟರಿಗೆ ಇನ್ವರ್ಟರ್ ಹಾಕಿಸಿದ್ದು ನನ್ನ ದೊಡ್ಡ ಖರ್ಚು, ಬೇಜಾರಿಲ್ಲ.

ಕಿಣ್ವ ತೆಗೆಯುವಾಗಲೂ ಚಳಿ ಬಿಡಬಾರದು. ಐಸಿನ ಮೇಲಿಟ್ಟ ಬಫರ್ (ಹುಳಿ-ಕ್ಷಾರ ಏರುಪೇರಾಗದ ದ್ರಾವಣ), ತಣ್ಣಗಾಗುವ ಸೆಂಟ್ರಿಫ್ಯೂಜ್ (ಗಿರ್ರನೆ ತಿರುಗಿಸಿ ಗಷ್ಟು ಬೇರೆ ಮಾಡುವ ಯಂತ್ರ) ಎರಡೂ ಬೇಕು. ಕಿಣ್ವದ ಚುರುಕು ಅಳೆಯಲು ಅದಕ್ಕೆ ಕೊಲಾಯ್ಡಲ್ (ನೀರಲ್ಲಿ ನುಣ್ಣಗೆ ಹರಡಿದ) ಕೈಟಿನ್ ಕೊಟ್ಟು, ಬಿಡುಗಡೆಯಾದ ಸಕ್ಕರೆಯನ್ನು ಡಿಎನ್‌ಎಸ್ ವಿಧಾನದಲ್ಲಿ, ಅಂದರೆ ಸಕ್ಕರೆ ಸೇರಿದಾಗ ಬಣ್ಣ ಬದಲಿಸುವ ರಾಸಾಯನಿಕ ಹಾಕಿ, ನೋಡುತ್ತೇನೆ. ಒಂದೇ ಉಷ್ಣತೆಯಲ್ಲಿ ಅಳೆದರೆ ಏನೂ ಹೇಳಲಾಗದು. 5, 15, 25, 40 ಡಿಗ್ರಿ ಹೀಗೆ ನೋಡಿ. ಜೊತೆಗೆ ಕುದಿಸಿ ಸಾಯಿಸಿದ ಕಿಣ್ವದ ಬ್ಲಾಂಕ್ (ಹೋಲಿಸಿ ಕಳೆಯಲು ಇಡುವ ಮಾದರಿ) ಕಡ್ಡಾಯ, ಯಾಕೆಂದರೆ ಬೂಸಾದ ಸಕ್ಕರೆಯೂ ಬಣ್ಣ ಕೊಡುತ್ತದೆ.

ಈ ಕಿಣ್ವದ ಅಣು ಸಡಿಲ. ಅದಕ್ಕೇ ಚಳಿಯಲ್ಲೂ ಚುರುಕು, ಬಿಸಿಗೆ ಬೇಗ ಸಾಯುತ್ತದೆ. ಕೆಲವರಿಗೆ ಇದು ಕೊರತೆ. ನನಗಿದು ಲಾಭ: ಆಹಾರದ ಕೆಲಸದಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು, ಕಿಣ್ವ ನಿಂತುಬಿಡುತ್ತದೆ. ಓವನ್ನಿನಲ್ಲಿ ಒಣಗಿಸಲು ಮಾತ್ರ ಹೋಗಬೇಡಿ. ಗ್ಲಿಸರಾಲ್ ಸೇರಿಸಿ ಡೀಪ್ ಫ್ರೀಜರಿನಲ್ಲಿಡಿ.