ಒಂದು ಔನ್ಸ್, ಮೂರು ಸಲ

ಕ್ಯಾಲಿಫೋರ್ನಿಯಾದಲ್ಲಿ ವೈನ್ ಅಂಗಡಿ ನೋಡಿಕೊಳ್ಳುತ್ತೇನೆ. ಗಿರಾಕಿಗಳು ರುಚಿ ನೋಡಿ ಬಾಟಲಿ ಆರಿಸಬೇಕು ಎಂಬುದು ನನ್ನ ಹಳೆಯ ಆಸೆ. ಲೇಬಲ್ ಓದಿದರೆ ವೈನ್ ತಿಳಿಯುವುದಿಲ್ಲ. ಆದರೆ ನಮ್ಮದು ಟೈಪ್ 20 ಲೈಸೆನ್ಸ್. ಬಿಯರ್, ವೈನ್ ಬಾಟಲಿಗಳನ್ನು ಮುಚ್ಚಿದಂತೆಯೇ ಮಾರಬೇಕು, ಅಂಗಡಿಯೊಳಗೆ ಗುಟುಕೂ ಕುಡಿಯುವಂತಿಲ್ಲ.

ಟೈಪ್ 42 ಪಡೆದು ಒಂದು ಭಾಗವನ್ನು ವೈನ್ ಬಾರ್ ಮಾಡಿಕೊಳ್ಳುವವರಿದ್ದಾರೆ. ಅಲ್ಲಿ ಗ್ಲಾಸಿನ ಲೆಕ್ಕದಲ್ಲಿ ಮಾರಬಹುದು. ನನಗೆ ಬಾರ್ ಬೇಡವಾಗಿತ್ತು. 2011ರಲ್ಲಿ ಜಾರಿಗೆ ಬಂದ ಟೈಪ್ 86 ಸರಿಹೊಂದಿತು. ಅಂಗಡಿಯ ಲೈಸೆನ್ಸಿನ ಜೊತೆಗೇ ಇದನ್ನೂ ಇಟ್ಟುಕೊಳ್ಳಬಹುದು. ಇದರ ಪ್ರಕಾರ ರುಚಿ ನೋಡಿಸುವುದೆಂದರೆ ಪಾಠ. ವೈನಿನ ಹಿನ್ನೆಲೆ, ಗುಣ, ಬಡಿಸುವ ಕ್ರಮ ಹೇಳಿಕೊಡುತ್ತಾ ಸ್ವಲ್ಪ ಕುಡಿಸಬಹುದು.

ಸ್ವಲ್ಪ ಎಂದರೆ ಒಂದು ಔನ್ಸ್, ಹೆಚ್ಚುಕಡಿಮೆ 30 ಮಿಲಿಲೀಟರ್. ಒಬ್ಬರಿಗೆ ದಿನಕ್ಕೆ ಮೂರೇ ಸಲ. ಕಣ್ಣಂದಾಜಿನಲ್ಲಿ ಸುರಿದರೆ ಕೈ ತಾನಾಗಿಯೇ ಧಾರಾಳವಾಗುತ್ತದೆ. ಹಾಗಾಗಿ ಅಳತೆಯ ಲೋಟವಿಲ್ಲದೆ ಸುರಿಯಲು ನಾನು ಬಿಡುವುದಿಲ್ಲ. ಬಂದವರಿಗೆ ಮೂರು ಚೌಕವಿರುವ ಚೀಟಿ ಕೊಟ್ಟು, ಪ್ರತಿ ಸಲ ಒಂದಕ್ಕೆ ಗುರುತು ಹಾಕಿಸುತ್ತೇನೆ. ಚೀಟಿ ಕಾನೂನು ಕೇಳಿದ್ದಲ್ಲ, ನನ್ನ ಏರ್ಪಾಡು. ಮೂರೇ ಇರುವುದರಿಂದ ಯಾವ ಮೂರು ಎಂದು ಬಹಳ ಯೋಚಿಸುತ್ತೇನೆ. ಒಂದೇ ದ್ರಾಕ್ಷಿ, ಮೂರು ಕಡೆಯ ತೋಟ: ನನಗೆ ಅತ್ಯಂತ ಪ್ರಿಯವಾದ ಜೋಡಣೆ ಅದು. ಮಣ್ಣು, ಹವೆ ಏನು ಮಾಡುತ್ತವೆ ಎಂಬುದು ಆಗ ನಾಲಿಗೆಗೇ ತಿಳಿಯುತ್ತದೆ.

ಪಾಠ ನಡೆಯುವ ಜಾಗವನ್ನು ಹಗ್ಗವೋ ಸರಪಳಿಯೋ ಕಟ್ಟಿ ಬೇರ್ಪಡಿಸಬೇಕು. 21 ತುಂಬದವರಿಗೆ ಪ್ರವೇಶವಿಲ್ಲ ಎಂಬ ಫಲಕ ಎದ್ದು ಕಾಣಬೇಕು. ತಾಯಿಯ ಜೊತೆ ಬಂದ ಮಗುವೂ ಒಳಗೆ ಬರುವಂತಿಲ್ಲ. ಗಂಡ ಹೆಂಡತಿ ಮಗುವಿನ ಜೊತೆ ಬಂದರೆ ಒಬ್ಬೊಬ್ಬರಾಗಿ ಬನ್ನಿ ಎನ್ನುತ್ತೇನೆ. ಬೇಸರಪಟ್ಟುಕೊಂಡವರು ಕಡಿಮೆ. ಗ್ಲಾಸು ಹಿಡಿದು ಯಾರೂ ಹಗ್ಗ ದಾಟಬಾರದು. ಬೆಳಿಗ್ಗೆ 10ರಿಂದ ರಾತ್ರಿ 9ರೊಳಗೆ ಎಲ್ಲ ಮುಗಿಯಬೇಕು.

ಹೊಸಬರಿಗೆ ಹೆಚ್ಚು ಗೊಂದಲವಾಗುವುದು ಯಾರು ನಡೆಸಬೇಕು ಎಂಬಲ್ಲಿ. ನಡೆಸುವುದು ವೈನರಿಯ, ಅಂದರೆ ವೈನ್ ತಯಾರಕರ, ಪ್ರತಿನಿಧಿ, ನಾನಲ್ಲ. ಉಳಿದ ವೈನನ್ನೂ ಅವರೇ ವಾಪಸ್ ಒಯ್ಯಬೇಕು. ಇದರ ಹಿಂದೆ ಹಳೆಯ ಕಥೆಯಿದೆ. 1920ರ ಪಾನನಿಷೇಧಕ್ಕೆ ಮುಂಚೆ ಅಮೆರಿಕದಲ್ಲಿ ಮದ್ಯ ಕುಡಿಯುವ ಎಷ್ಟೋ ಅಂಗಡಿಗಳು, ಅಂದರೆ ಆಗಿನ ಸಲೂನ್‌ಗಳು ಬಿಯರ್ ತಯಾರಕರ ಹಿಡಿತದಲ್ಲಿದ್ದವು, ಆ ತಯಾರಕರು ಹೇಳಿದ್ದನ್ನೇ ಮಾರುತ್ತಿದ್ದವು. 1933ರಲ್ಲಿ ಸಂವಿಧಾನದ 21ನೇ ತಿದ್ದುಪಡಿ ನಿಷೇಧವನ್ನು ತೆಗೆದ ಮೇಲೆ ಬಂದ ಕಾನೂನುಗಳು ತಯಾರಕರನ್ನೂ ಅಂಗಡಿಯವರನ್ನೂ ದೂರ ಇಟ್ಟವು. ತಯಾರಕ ಅಂಗಡಿಗೆ ಬೆಲೆಬಾಳುವುದೇನನ್ನೂ ಪುಕ್ಕಟೆ ಕೊಡಬಾರದು. ನನ್ನಲ್ಲಿ ಬಿಟ್ಟುಹೋದ ಅರ್ಧ ಬಾಟಲಿಯೂ ಉಡುಗೊರೆಯಾಗಿಬಿಡಬಹುದು. ಈ ಅಂತರ ಒಳ್ಳೆಯದೆಂದೇ ನನ್ನ ನಂಬಿಕೆ. ಯಾವ ವೈನ್ ಇಡಬೇಕೆಂದು ನಾನು ನಿರ್ಧರಿಸುತ್ತೇನೆ, ಯಾರ ಋಣಕ್ಕೂ ಬಿದ್ದು ಅಲ್ಲ.

ಬೇರೆ ರಾಜ್ಯದ ಗೆಳೆಯರು ಈ ನಿಯಮಗಳ ಪಟ್ಟಿ ಕಳಿಸು ಎಂದು ಕೇಳುತ್ತಾರೆ. ಕಳಿಸುವುದಿಲ್ಲ. ಅದೇ ತಿದ್ದುಪಡಿ ಮದ್ಯದ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿದೆ. ಯೂಟಾದಲ್ಲಂತೂ ವೈನ್ ಮಾರುವ ಅಂಗಡಿಗಳನ್ನು ಸರ್ಕಾರವೇ ನಡೆಸುತ್ತದೆ. ಬಾಟಲಿ ತೆರೆಯುವ ಮುಂಚೆ ನಿಮ್ಮ ರಾಜ್ಯದ ಮದ್ಯ ಇಲಾಖೆಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.