ನೆಟ್‌ವರ್ಕ್ ವೇಗವನ್ನು ಹಳೆಯ ಹಾರ್ಡ್ ಡಿಸ್ಕಿನ ವೇಗದೊಂದಿಗೆ ಹೋಲಿಸುವುದು ಹೇಗೆ?

ಹಳೆಯ ಕಂಪ್ಯೂಟರಿನ ಕಡತಗಳನ್ನು ನೆಟ್‌ವರ್ಕ್ ಮೂಲಕ ಹೊಸ ಯಂತ್ರಕ್ಕೆ ಸಾಗಿಸುವಾಗ, ತಡವಾಗುತ್ತಿರುವುದು ನೆಟ್‌ವರ್ಕಿನಿಂದಲೋ ಡಿಸ್ಕಿನಿಂದಲೋ ಎಂಬ ಪ್ರಶ್ನೆ ಏಳುವುದು ಸಹಜ. ನೆಟ್‌ವರ್ಕ್ ಕಾರ್ಡಿನ ಮೇಲೆ 100 ಎಂದು ಬರೆದಿರುತ್ತದೆ. ಡಿಸ್ಕಿನ ಮೇಲೆ ಅಲ್ಟ್ರಾ ಎಟಿಎ 100 ಎಂದು, ಅಂದರೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಬಗೆಯ ಹೆಸರು, ಅಚ್ಚಾಗಿರುತ್ತದೆ. ಎರಡೂ ನೂರೇ, ಆದರೆ ಎರಡನೆಯದು ಮೊದಲನೆಯದರ ಎಂಟು ಪಟ್ಟು. ಇವನ್ನು ಒಂದೇ ಅಳತೆಗೆ ತಂದ ಮೇಲಷ್ಟೇ ಹೋಲಿಕೆಗೆ ಅರ್ಥ ಬರುತ್ತದೆ.

ಮೊದಲ ಹೆಜ್ಜೆ ಸುಲಭವಾದದ್ದು. ನೆಟ್‌ವರ್ಕಿನ ವೇಗವನ್ನು ಸೆಕೆಂಡಿಗೆ ಇಷ್ಟು ಬಿಟ್ ಎಂದೂ ಡಿಸ್ಕಿನ ವೇಗವನ್ನು ಸೆಕೆಂಡಿಗೆ ಇಷ್ಟು ಬೈಟ್ ಎಂದೂ ಹೇಳುವುದು ವಾಡಿಕೆ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ನೆಟ್‌ವರ್ಕಿನ ಸಂಖ್ಯೆಯನ್ನು 8ರಿಂದ ಭಾಗಿಸಿ. 10 ಮೆಗಾಬಿಟ್ ಎಂದರೆ 1.25 ಮೆಗಾಬೈಟ್, 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಗಿಗಾಬಿಟ್ ಎಂದರೆ 125 ಮೆಗಾಬೈಟ್. ಇಲ್ಲಿ ಮೆಗಾ ಎಂದರೆ ಹತ್ತು ಲಕ್ಷವೇ. 1024ರ ಲೆಕ್ಕವನ್ನು ಇದರೊಳಗೆ ತರಬೇಡಿ.

ಎರಡನೆಯ ಹೆಜ್ಜೆಯಲ್ಲಿ ಬಹಳ ಮಂದಿ ಎಡವುತ್ತಾರೆ. ತಂತಿಯಲ್ಲಿ ಹರಿಯುವ ಎಲ್ಲ ಬಿಟ್‌ಗಳೂ ದತ್ತಾಂಶವಲ್ಲ. ಎಟಿಎಯ ನಂತರ ಬಂದ ಜೋಡಣೆಯಾದ ಸಾಟಾ ಡಿಸ್ಕಿನ 1.5 ಗಿಗಾಬಿಟ್ ಎಂಬುದು ತಂತಿಯ ಮೇಲಿನ ವೇಗ. ಅದರಲ್ಲಿ ಪ್ರತಿ 8 ಬಿಟ್ ದತ್ತಾಂಶವನ್ನು 10 ಬಿಟ್‌ಗಳಾಗಿ ಸಂಕೇತಿಸಿ ಕಳುಹಿಸುವುದರಿಂದ ಅಲ್ಲಿ 10ರಿಂದ ಭಾಗಿಸಬೇಕು, ಉತ್ತರ 150 ಮೆಗಾಬೈಟ್. ನೆಟ್‌ವರ್ಕ್ ಕಾರ್ಡು ಬಳಸುವ ಈಥರ್ನೆಟ್ ಎಂಬ ಜಾಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆಪ್ಟಿಕಲ್ ಗಿಗಾಬಿಟ್ ಈಥರ್ನೆಟ್ ಕೂಡ ಅದೇ ಬಗೆಯ ಸಂಕೇತವನ್ನು ಬಳಸುತ್ತದೆಯಾದರೂ ಅದರ ತಂತುವಿನಲ್ಲಿ ಸೆಕೆಂಡಿಗೆ 125 ಕೋಟಿ ಬಿಟ್ ಹರಿಯುತ್ತವೆ; ಹೆಸರಿನಲ್ಲಿರುವ ಗಿಗಾಬಿಟ್ ಸಂಕೇತವನ್ನು ಕಳೆದು ಉಳಿದ ವೇಗ. ಹಾಗಾಗಿ ಈಥರ್ನೆಟ್ಟಿಗೆ 8, ಸಾಟಾಕ್ಕೆ 10.

ಮೂರನೆಯದಾಗಿ ಪ್ಯಾಕೆಟ್ಟಿನ ಹೊರೆಯನ್ನು, ಅಂದರೆ ಕಡತದ ಪ್ರತಿ ತುಂಡಿನ ಜೊತೆಗೂ ಹೋಗುವ ಹೆಚ್ಚುವರಿ ಬೈಟ್‌ಗಳನ್ನು, ಕಳೆಯಬೇಕು. ಪೂರ್ಣ ಗಾತ್ರದ ಒಂದು ಈಥರ್ನೆಟ್ ಚೌಕಟ್ಟು, ಮುಂದಿನ ಚೌಕಟ್ಟಿಗೆ ಮೊದಲು ಬಿಡುವ ಖಾಲಿ ಜಾಗವೂ ಸೇರಿ, ತಂತಿಯ ಮೇಲೆ 1538 ಬೈಟ್‌ಗಳಷ್ಟು ಸಮಯ ಹಿಡಿಯುತ್ತದೆ. ಈಥರ್ನೆಟ್ಟಿನ ಸ್ವಂತ ಹೊರೆಯ 38 ಬೈಟ್ ಮತ್ತು ದತ್ತಾಂಶವನ್ನು ಸರಿಯಾದ ಯಂತ್ರಕ್ಕೆ ತಲುಪಿಸುವ ಐಪಿ, ಟಿಸಿಪಿ ನಿಯಮಗಳ ತಲೆಬರಹಗಳ 40 ಬೈಟ್ ಕಳೆದರೆ ಅದರಲ್ಲಿ ಕಡತಕ್ಕೆ ಸೇರಿದ್ದು 1460 ಬೈಟ್ ಮಾತ್ರ. ಅಂದರೆ ಸುಮಾರು ಶೇ 95. ಹೀಗೆ 12.5 ಎಂಬುದು 11.9ಕ್ಕೂ 125 ಎಂಬುದು 118.7ಕ್ಕೂ ಇಳಿಯುತ್ತದೆ. 700 ಮೆಗಾಬೈಟಿನ ಒಂದು ಸಿಡಿಯ ನಕಲು 100 ಮೆಗಾಬಿಟ್ಟಿನ ಜಾಲದಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ತೆಗೆದುಕೊಳ್ಳುತ್ತದೆ.

ಈಗ ಡಿಸ್ಕಿನ ಕಡೆಗೆ ಬನ್ನಿ. ಅಗಲವಾದ ಪಟ್ಟಿಯಂತಹ ಕೇಬಲಿನ ಐಡಿಇ (ಎಟಿಎಯ ಇನ್ನೊಂದು ಹೆಸರು) ಡಿಸ್ಕು ಒಂದು ಬಾರಿಗೆ 16 ಬಿಟ್, ಅಂದರೆ 2 ಬೈಟ್ ಸಾಗಿಸುತ್ತದೆ. ಪ್ರೊಸೆಸರೇ ದತ್ತಾಂಶವನ್ನು ಸಾಗಿಸುವ ಪಿಐಒದ 4ನೆಯ ವಿಧಾನದಲ್ಲಿ ಅದಕ್ಕೆ 120 ನ್ಯಾನೊಸೆಕೆಂಡ್ ಬೇಕು. ಭಾಗಿಸಿದರೆ ಸೆಕೆಂಡಿಗೆ 16.7 ಮೆಗಾಬೈಟ್. ಪಿಐಒ 0ಯಲ್ಲಿ 600 ನ್ಯಾನೊಸೆಕೆಂಡ್ ಆದ್ದರಿಂದ ವೇಗ ಬರೀ 3.3. ಪ್ರೊಸೆಸರನ್ನು ಬಿಟ್ಟು ನೇರವಾಗಿ ಮೆಮೊರಿಗೆ ಸಾಗಿಸುವ ಅಲ್ಟ್ರಾ ಡಿಎಂಎ ವಿಧಾನಗಳಲ್ಲಿ 2ನೆಯದು 33.3, 4ನೆಯದು 66.7, 5ನೆಯದು (ಅಲ್ಟ್ರಾ ಎಟಿಎ 100 ಎಂದರೆ ಇದೇ) 100, 6ನೆಯದು 133 ಮೆಗಾಬೈಟ್ ಕೊಡುತ್ತವೆ. ಈ ವೇಗಗಳನ್ನು ಮುಂದಿಟ್ಟುಕೊಂಡು ನೋಡಿದರೆ 100 ಮೆಗಾಬಿಟ್ ಜಾಲವು 11.1 ಮೆಗಾಬೈಟಿನ ಪಿಐಒ 3ಕ್ಕಿಂತ ಸ್ವಲ್ಪ ಮೇಲೆ, ಗಿಗಾಬಿಟ್ ಜಾಲವು ಅಲ್ಟ್ರಾ ಡಿಎಂಎ 5 ಮತ್ತು 6ರ ನಡುವೆ ಬಂದು ಕೂರುತ್ತದೆ.

ಆದರೆ ಡಿಸ್ಕಿನ ಮೇಲೆ 100 ಎಂದಿದ್ದ ಮಾತ್ರಕ್ಕೆ ಅದು ಆ ವೇಗದಲ್ಲಿಯೇ ಓಡುತ್ತಿದೆ ಎಂದು ನಂಬಬೇಡಿ. ಪೆಟ್ಟಿಗೆ ತೆರೆದು ಕೇಬಲನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳು ದಪ್ಪವಾಗಿ ಎಣಿಸಬಹುದಾದಷ್ಟಿದ್ದರೆ ಅದು 40 ಎಳೆಯದು, ಕೂದಲಿನಂತೆ ಸಣ್ಣಗೆ ಒತ್ತೊತ್ತಾಗಿದ್ದರೆ 80 ಎಳೆಯದು. ಎರಡರ ಕನೆಕ್ಟರೂ 40 ಪಿನ್ನಿನದೇ ಆದ್ದರಿಂದ ಅದಲುಬದಲಾಗುವುದು ಸುಲಭ. 40 ಎಳೆಯ ಕೇಬಲ್ ಕಂಡರೆ ಯಂತ್ರವು ವೇಗವನ್ನು 33.3ಕ್ಕೇ ನಿಲ್ಲಿಸುತ್ತದೆ. ಅದನ್ನು 8ರಿಂದ ಗುಣಿಸಿದರೆ ಸುಮಾರು 267 ಮೆಗಾಬಿಟ್. ಗಿಗಾಬಿಟ್ ಕಾರ್ಡು ಹಾಕಿದರೂ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಬಳಕೆಗೆ ಬರುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನೊಂದು ತೊಡಕಿದೆ: ಓದುವಾಗ ಪದೇಪದೇ ದೋಷ ಬಂದರೆ ಅದು ಡಿಎಂಎಯನ್ನು ಹಂತಹಂತವಾಗಿ ಇಳಿಸಿ ಕೊನೆಗೆ ಪಿಐಒಗೆ ತಂದು ಬಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಚಾನೆಲ್ಲಿನ ಗುಣಲಕ್ಷಣಗಳನ್ನು ತೆರೆದರೆ ಸದ್ಯದ ವಿಧಾನ ಯಾವುದೆಂದು ಕಾಣುತ್ತದೆ.

ಕೊನೆಯ ಹೆಜ್ಜೆ, ಲೆಕ್ಕವನ್ನು ಅಳತೆಯೊಂದಿಗೆ ತಾಳೆ ನೋಡುವುದು. ಇಂಟರ್‌ಫೇಸಿನ ವೇಗವೆಂಬುದು ಮೇಲ್ಮಿತಿ ಮಾತ್ರ, ತಿರುಗುವ ತಟ್ಟೆಯಿಂದ ದತ್ತಾಂಶ ಅಷ್ಟು ಬೇಗ ಹೊರಬರಬೇಕೆಂದೇನಿಲ್ಲ. ಲಿನಕ್ಸಿನಲ್ಲಿ ಎಚ್‌ಡಿಪಾರ್ಮ್ ಎಂಬ ತಂತ್ರಾಂಶ ಡಿಸ್ಕನ್ನಷ್ಟೇ ಓದಿ ವೇಗ ಹೇಳುತ್ತದೆ, ಐಪರ್ಫ್ ಎಂಬುದು ಡಿಸ್ಕನ್ನು ಮುಟ್ಟದೆ ಜಾಲವನ್ನಷ್ಟೇ ಅಳೆಯುತ್ತದೆ. ಕಡತದ ನಕಲು ಈ ಎರಡರಲ್ಲಿ ಕಡಿಮೆ ಇರುವ ಸಂಖ್ಯೆಯ ಆಸುಪಾಸಿನಲ್ಲಿ ನಡೆಯಬೇಕು. ಅದಕ್ಕಿಂತಲೂ ಕೆಳಗಿದ್ದರೆ ಕಾರ್ಡುಗಳನ್ನು ಮೆಮೊರಿಯೊಂದಿಗೆ ಜೋಡಿಸುವ ಹಾದಿಯಾದ ಪಿಸಿಐ ಬಸ್ಸಿನ ಕಡೆ ನೋಡಿ: ಸಾಮಾನ್ಯ ಪಿಸಿಐ ಬಸ್ಸಿನ ಒಟ್ಟು ವೇಗ 133 ಮೆಗಾಬೈಟ್. ಡಿಸ್ಕ್ ನಿಯಂತ್ರಕವೂ ನೆಟ್‌ವರ್ಕ್ ಕಾರ್ಡೂ ಅದನ್ನೇ ಹಂಚಿಕೊಂಡಿದ್ದರೆ ಪ್ರತಿ ಬೈಟೂ ಅದನ್ನು ಎರಡು ಸಲ ದಾಟುತ್ತದೆ, ಒಮ್ಮೆ ಡಿಸ್ಕಿನಿಂದ ಮೆಮೊರಿಗೆ, ಮತ್ತೊಮ್ಮೆ ಮೆಮೊರಿಯಿಂದ ಕಾರ್ಡಿಗೆ; ಹೀಗಾಗಿ ನಕಲಿಗೆ ಉಳಿಯುವುದು 66 ಮೆಗಾಬೈಟಿಗಿಂತ ಹೆಚ್ಚಿಲ್ಲ.