ಎಂ.ಟೆಕ್ ಸಿನಾಪ್ಸಿಸ್: ಆ್ಯಪ್‌ಗಿಂತ ಮೊದಲು ಪ್ರಶ್ನೆ ಬರಲಿ

ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್, ಎಂ.ಎಸ್ಸಿ ಮಾಡುವವರು ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಸಿನಾಪ್ಸಿಸ್, ಅಂದರೆ ಏನನ್ನು ಹೇಗೆ ಮಾಡುತ್ತೇವೆ ಅನ್ನುವ ಪ್ರಸ್ತಾವ, ಬರೆದು ಪ್ಯಾನೆಲ್ ಮುಂದೆ ಮಂಡಿಸಬೇಕಾಗುತ್ತದೆ. ಚೆನ್ನಾಗಿ ಕೋಡ್ ಬರೆಯುವವರೂ ಇಲ್ಲಿ ತಡವರಿಸುತ್ತಾರೆ. ಏನು ಕಟ್ಟುತ್ತೇವೆ ಅಂತ ಹತ್ತು ಸ್ಲೈಡ್ ಹೇಳುತ್ತಾರೆ. ಏನನ್ನು ಕಂಡುಹಿಡಿಯಬೇಕು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಒಂದು ಉದಾಹರಣೆ ಹಿಡಿದುಕೊಂಡೇ ನೋಡೋಣ. ಮಲೆನಾಡಿನ ಅಡಿಕೆ ತೋಟಗಳನ್ನು ಎಲೆಚುಕ್ಕೆ ರೋಗ ಕಾಡುತ್ತಿದೆ. ಮೊಬೈಲ್ ಫೋಟೊದಿಂದ ಅದನ್ನು ಗುರುತಿಸುವ ಕೆಲಸ ಮಾಡಬೇಕು ಅನ್ನುವುದು ನಿಮ್ಮ ಆಸೆ ಅಂದುಕೊಳ್ಳಿ.

ಪ್ರಶ್ನೆ ಚಿಕ್ಕದಾಗಲಿ

'ಡೀಪ್ ಲರ್ನಿಂಗ್ ಬಳಸಿ ಅಡಿಕೆ ರೋಗ ಪತ್ತೆ' ಅನ್ನುವುದು ಬರೀ ವಿಷಯ. ಅದನ್ನು ಪ್ರಶ್ನೆ ಮಾಡಿ: 'ಒಂದು ಊರಿನ ತೋಟಗಳ ಫೋಟೊ ನೋಡಿ ಕಲಿತ ಮಾಡೆಲ್, ಬೇರೆ ಊರಿನ ತೋಟದಲ್ಲಿ ಎಲೆಚುಕ್ಕೆಯನ್ನು ಎಷ್ಟರ ಮಟ್ಟಿಗೆ ಗುರುತಿಸುತ್ತದೆ?' ಇದಕ್ಕೆ 'ಚೆನ್ನಾಗಿ ಗುರುತಿಸುತ್ತದೆ' ಅಂತ ಉತ್ತರ ಬಂದರೂ ಥೀಸಿಸ್ ಆಗುತ್ತದೆ, 'ಗುರುತಿಸುವುದಿಲ್ಲ' ಅಂತ ಬಂದರೂ ಆಗುತ್ತದೆ. ಪ್ರಶ್ನೆ ಸರಿಯಿದೆಯಾ ಅಂತ ನೋಡಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ.

1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಮುಖ್ಯಸ್ಥರಾಗಿದ್ದ ಜಾರ್ಜ್ ಹೈಲ್ಮೈಯರ್, ಪ್ರಸ್ತಾವ ತಂದವರಿಗೆಲ್ಲ ಕೆಲವು ಪ್ರಶ್ನೆ ಕೇಳುತ್ತಿದ್ದರು. ಪಾರಿಭಾಷಿಕ ಪದ ಬಳಸದೆ ಏನು ಮಾಡುತ್ತೀರಿ ಹೇಳಿ. ಈಗ ಅದನ್ನು ಹೇಗೆ ಮಾಡುತ್ತಿದ್ದಾರೆ? ನಿಮ್ಮದರಲ್ಲಿ ಹೊಸದೇನು? ಅದರಿಂದ ಯಾರಿಗೆ ಉಪಯೋಗ? ಗೆದ್ದಿರೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಒಂದೊಂದಕ್ಕೂ ಎರಡೆರಡು ಸಾಲು ಕನ್ನಡದಲ್ಲೇ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ಇನ್ನೂ ಯೋಚಿಸಬೇಕು ಅಂತ ಅರ್ಥ.

ಹಿಂದಿನವರ ಕೆಲಸ ಓದಿ

ಲಿಟರೇಚರ್ ಸರ್ವೆ ಅಂದರೆ ಪೇಪರ್‌ಗಳ ಅಬ್‌ಸ್ಟ್ರ್ಯಾಕ್ಟ್ ಅಂಟಿಸುವುದಲ್ಲ. ಪ್ರತಿ ಪೇಪರ್‌ನಲ್ಲೂ ಮೂರು ವಿಷಯ ಹುಡುಕಿ: ಡೇಟಾ ಎಲ್ಲಿಂದ ಬಂತು, ಪರೀಕ್ಷೆ ಹೇಗೆ ಮಾಡಿದರು, ಏನನ್ನು ಮಾಡದೆ ಬಿಟ್ಟರು.

2016ರಲ್ಲಿ ಬಂದ ಒಂದು ಪ್ರಸಿದ್ಧ ಪೇಪರ್ ನೋಡಿ. ಪ್ಲಾಂಟ್‌ವಿಲೇಜ್ ಅನ್ನುವ ಡೇಟಾಸೆಟ್‌ನ 54,306 ಎಲೆ ಫೋಟೊಗಳು, 14 ಬೆಳೆ, 26 ರೋಗ. ಅದೇ ಡೇಟಾಸೆಟ್‌ನಲ್ಲಿ ಕಲಿಕೆಗೆ ಕೊಡದೆ ಪರೀಕ್ಷೆಗೆಂದು ಬದಿಗಿಟ್ಟ ಫೋಟೊಗಳ ಮೇಲೆ ಮಾಡೆಲ್‌ನ ಅಕ್ಯುರಸಿ (ಒಟ್ಟು ಉತ್ತರಗಳಲ್ಲಿ ಸರಿಯಾದವುಗಳ ಪಾಲು) 99.35%. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೊ ಕೊಟ್ಟಾಗ ಅದು ಸುಮಾರು 31%ಗೆ ಇಳಿಯಿತು. ಈ ಮಾತನ್ನು ಪೇಪರ್ ಬರೆದವರೇ ಅದರಲ್ಲಿ ಹೇಳಿದ್ದಾರೆ. ಆದರೂ ಎಷ್ಟೋ ಸಿನಾಪ್ಸಿಸ್‌ಗಳಲ್ಲಿ ಮೊದಲ ಅಂಕಿ ಮಾತ್ರ ಕಾಣುತ್ತದೆ. ನಿಮ್ಮ ಪ್ರಶ್ನೆಗೆ ಜಾಗ ಇರುವುದು ಈ ಎರಡು ಅಂಕಿಗಳ ನಡುವೆ. ಆ 14 ಬೆಳೆಗಳಲ್ಲಿ ಅಡಿಕೆಯೂ ಇಲ್ಲ.

ಗೂಗಲ್ ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಪೇಪರ್ ಸಿಕ್ಕರೆ, ಅದನ್ನು ಉಲ್ಲೇಖಿಸಿದ ಹೊಸ ಪೇಪರ್‌ಗಳ ಪಟ್ಟಿ ಅಲ್ಲೇ ಕೆಳಗಿರುತ್ತದೆ. ಶೋಧಗಂಗಾದಲ್ಲಿ ಪಿಎಚ್.ಡಿ ಥೀಸಿಸ್‌ಗಳು, ಶೋಧಗಂಗೋತ್ರಿಯಲ್ಲಿ ಸಿನಾಪ್ಸಿಸ್‌ಗಳು ಉಚಿತವಾಗಿ ಸಿಗುತ್ತವೆ. ಚೆನ್ನಾಗಿ ಬರೆದ ಒಂದೆರಡು ಸಿನಾಪ್ಸಿಸ್ ಪೂರ್ತಿ ಓದಿ.

ಡೇಟಾದ ಲೆಕ್ಕ ಈಗಲೇ ಆಗಲಿ

ನನ್ನ ಪ್ರಕಾರ ಪ್ರಸ್ತಾವದ ಜೀವ ಇಲ್ಲೇ ಇರುವುದು. ಅಡಿಕೆ ಮರ ಎತ್ತರ, ಎಲೆ ಇರುವುದು ತುದಿಯಲ್ಲಿ. ನೆಲದಲ್ಲಿ ನಿಂತು ಜೂಮ್ ಮಾಡಿದರೆ ಚುಕ್ಕೆ ಕಾಣುತ್ತದಾ? ಬಿದ್ದ ಸೋಗೆಯ ಫೋಟೊ ನಡೆಯುತ್ತದಾ, ಸಣ್ಣ ಗಿಡಗಳದ್ದು ಮಾತ್ರ ಸಾಕಾ, ಮದ್ದು ಹೊಡೆಯಲು ಮರ ಹತ್ತುವವರ ಕೈಲಿ ತೆಗೆಸುತ್ತೀರಾ? ತೋಟಕ್ಕೆ ಹೋಗಿ ಒಂದಷ್ಟು ಫೋಟೊ ತೆಗೆದು ನೋಡಿಯೇ ಬರೆಯಿರಿ. ಮಳೆಗಾಲದ ಫೋಟೊ ಬೇಕಿದ್ದು ಪ್ರಾಜೆಕ್ಟ್ ಜನವರಿಯಿಂದ ಜೂನ್‌ವರೆಗೆ ಮಾತ್ರ ಇದ್ದರೆ, ಪ್ರಶ್ನೆಯನ್ನೇ ಬದಲಿಸಬೇಕಾದೀತು.

ಫೋಟೊದಲ್ಲಿರುವುದು ಎಲೆಚುಕ್ಕೆಯೇ ಅಂತ ಹೇಳುವವರು ಯಾರು? ನೀವಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಸಿಪಿಸಿಆರ್‌ಐನ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಟ್ಲ ಕೇಂದ್ರದಂಥ ಕಡೆ ಸಸ್ಯರೋಗ ತಜ್ಞರನ್ನು ಮೊದಲೇ ಮಾತಾಡಿಸಿ. ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು.

ಫೋಟೊಗಳನ್ನು ಕಲಿಕೆಗೆ, ಪರೀಕ್ಷೆಗೆ ಅಂತ ಭಾಗ ಮಾಡುವಾಗ ಸುಮ್ನೆ ಕಲೆಸಿ ಹಂಚಬೇಡಿ. ಒಂದೇ ಮರದ ಐದು ಫೋಟೊಗಳಲ್ಲಿ ನಾಲ್ಕು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಮಾಡೆಲ್‌ಗೆ ಉತ್ತರ ಮೊದಲೇ ತೋರಿಸಿದ ಹಾಗೆ. ಒಂದು ತೋಟದ ಫೋಟೊಗಳನ್ನೆಲ್ಲ ಕಲಿಕೆಗೋ ಪರೀಕ್ಷೆಗೋ ಒಂದೇ ಕಡೆಗೆ ಇಡಿ. ಬರೀ ಅಕ್ಯುರಸಿಯನ್ನೂ ನಂಬಬೇಡಿ. ನೂರು ಫೋಟೊದಲ್ಲಿ ತೊಂಬತ್ತು ಆರೋಗ್ಯವಂತ ಎಲೆಯದ್ದಾದರೆ, ಎಲ್ಲದಕ್ಕೂ 'ರೋಗ ಇಲ್ಲ' ಅನ್ನುವ ಮಾಡೆಲ್‌ಗೂ 90% ಬರುತ್ತದೆ ಅಲ್ವಾ? ರೋಗ ಇರುವ ಎಲೆಗಳಲ್ಲಿ ಎಷ್ಟನ್ನು ಹಿಡಿಯಿತು ಅಂತ ಪ್ರತ್ಯೇಕವಾಗಿ ಹೇಳುತ್ತೇನೆ ಅಂತ ಬರೆಯಿರಿ.

ತೋಟದವರ ಒಪ್ಪಿಗೆ ಬರಹದಲ್ಲಿರಲಿ. ಫೋಟೊ ಜೊತೆ ಜಿಪಿಎಸ್ ಮಾಹಿತಿಯೂ ಸೇರಿರಬಹುದು, ಡೇಟಾ ಹಂಚುವ ಮುಂಚೆ ತೆಗೆಯಿರಿ.

ಬರೆಯುವುದು

ಕಾಲೇಜಿನ ನಮೂನೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಆರೇಳು ಪುಟ ಸಾಕು: ಸಮಸ್ಯೆ, ಪ್ರಶ್ನೆ, ಹಿಂದಿನ ಕೆಲಸ, ವಿಧಾನ, ಪರೀಕ್ಷೆ, ವೇಳಾಪಟ್ಟಿ. ಮೊಬೈಲ್‌ನಲ್ಲಿ ಓಡುವ ಮೊಬೈಲ್‌ನೆಟ್‌ನಂಥ ಹಳೆಯ, ಸರಳ ಮಾಡೆಲ್ ಒಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್‌ನ ಉಚಿತ ಕೊಲಾಬ್ ನಂಬಿದ್ದರೆ, ಅದರ ಒಂದು ಸೆಷನ್ ಹೆಚ್ಚೆಂದರೆ 12 ಗಂಟೆ ಅನ್ನುವುದು ನೆನಪಿರಲಿ. ವೇಳಾಪಟ್ಟಿಯಲ್ಲಿ ಡೇಟಾಗೇ ಜಾಸ್ತಿ ಸಮಯ ಕೊಡಿ. ಶೀರ್ಷಿಕೆ ಕೊನೆಗೆ ಬರೆಯಿರಿ.

ಪ್ಯಾನೆಲ್ ಮುಂದೆ

ಹತ್ತು ನಿಮಿಷಕ್ಕೆ ಹತ್ತು ಸ್ಲೈಡ್ ದಾಟಬೇಡಿ. ಮೊದಲ ನಿಮಿಷದಲ್ಲೇ ಪ್ರಶ್ನೆ ಹೇಳಿಬಿಡಿ. ನ್ಯೂರಲ್ ನೆಟ್‌ವರ್ಕ್ ಅಂದರೇನು ಅಂತ ಮೂರು ಸ್ಲೈಡ್ ಬೇಡ, ಪ್ಯಾನೆಲ್‌ನವರಿಗೆ ಅದು ಗೊತ್ತು. ನೀವೇ ತೆಗೆದ ಒಂದು ಸ್ಪಷ್ಟ ಫೋಟೊ, ಒಂದು ಮಸುಕು ಫೋಟೊ ಅಕ್ಕಪಕ್ಕ ತೋರಿಸಿ. ಸಮಸ್ಯೆ ಎಷ್ಟು ಕಷ್ಟದ್ದು ಅಂತ ಅದೇ ಹೇಳುತ್ತದೆ.

'ಇದರಲ್ಲಿ ಹೊಸದೇನಪ್ಪಾ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 'ಸರ್, ಮಾಡೆಲ್ ಹೊಸದಲ್ಲ. ನೋಡಿರದ ತೋಟದಲ್ಲಿ ಅದು ಎಷ್ಟು ಸೋಲುತ್ತದೆ, ಯಾಕೆ ಸೋಲುತ್ತದೆ ಅನ್ನುವುದನ್ನು ಅಳೆಯುತ್ತೇನೆ' ಅಂತ ನೇರವಾಗಿ ಹೇಳಿ. 'ಡೇಟಾ ಸಿಗದಿದ್ದರೆ?' ಅಂತಲೂ ಕೇಳುತ್ತಾರೆ. ಎರಡನೇ ದಾರಿ ಸ್ಲೈಡ್‌ನಲ್ಲೇ ಇರಲಿ. ಗೊತ್ತಿಲ್ಲದ ಪ್ರಶ್ನೆ ಬಂದರೆ 'ನೋಡಿ ಹೇಳುತ್ತೇನೆ ಮೇಡಂ' ಅಂದು ಬರೆದುಕೊಳ್ಳಿ, ವಾದಕ್ಕಿಳಿಯಬೇಡಿ.

ನೀವು ಮಂಡಿಸುವಾಗ ಒಬ್ಬ ಸ್ನೇಹಿತರು ಕೂತು ಪ್ರತಿ ಪ್ರಶ್ನೆಯನ್ನೂ ಟಿಪ್ಪಣಿ ಮಾಡಿಕೊಳ್ಳಲಿ, ಮಾತಾಡುವ ಗಡಿಬಿಡಿಯಲ್ಲಿ ನಿಮಗೆ ಅರ್ಧ ಮರೆತುಹೋಗುತ್ತದೆ. ಅವತ್ತೇ ಸಂಜೆ ಆ ಟಿಪ್ಪಣಿ ಗೈಡ್‌ಗೆ ಮೇಲ್ ಮಾಡಿ. ಯಾವ ತಿದ್ದುಪಡಿ ಒಪ್ಪಬೇಕು, ಯಾವುದಕ್ಕೆ ಕಾರಣ ಕೊಟ್ಟು ಬಿಡಬೇಕು ಅಂತ ಅವರೊಡನೆ ಕೂತು ತೀರ್ಮಾನಿಸಿದ ಮೇಲೆ ಅಂತಿಮ ಪ್ರತಿ ಕೊಡಿ.